ಎಳೆ ಕಡಿದಲ್ಲಿ

ಶಿಡ್ಲಘಟ್ಟದ ನಮ್ಮ ಓಣಿಗೆ
ಬೆಳಗು ಮೂಗಿನಿಂದ ಬರುತ್ತಿತ್ತು:
ಬೇಯುವ ಗೂಡಿನ ವಾಸನೆ, ಹೊಗೆ, ಆಮೇಲೆ ಬೆಳಕು.
ಅಮ್ಮಿ ಬಾಣಲೆಯ ಮುಂದೆ. ಬಿಸಿನೀರಲ್ಲಿ
ಅವಳ ಬೆರಳು ಎಳೆಯ ತುದಿ ಹುಡುಕುವುದು,
ಕತ್ತಲಲ್ಲಿ ಮಗುವಿನ ಕಿವಿ ಹುಡುಕಿದ ಹಾಗೆ.
ಎಳೆ ಕಡಿದರೆ
ಮಾಲೀಕರ ಗಂಟಲು ಬೀದಿಗೆ ಕೇಳುತ್ತಿತ್ತು.

ಮುನಿಪಿಳ್ಳಪ್ಪ ಮೇಷ್ಟ್ರು ವಿಜ್ಞಾನಕ್ಕೆ.
ಜೇಬಲ್ಲಿ ಸದಾ ಒಂದು ತುಂಡು ಫ್ಯೂಸ್ ತಂತಿ,
ಅದಕ್ಕೆ ಅಂಟಿಕೊಂಡ ಪೆಪ್ಪರ್‌ಮೆಂಟು.
ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಅಂದರು:
"ಮುನ್ನೂರು ವರ್ಷದ ಹಿಂದೆ, ಸೀಮೆಯಲ್ಲಿ, ಒಬ್ಬ ಬಣ್ಣಗಾರ.
ರೇಷ್ಮೆ ಅದ್ದುವ ಕಸುಬು. ನಿಮ್ಮ ಪೈಕಿಯೇ ಅನ್ನಿ."
ಹಿಂದಿನ ಬೆಂಚಿನ ನಾವು
ಮೊದಲ ಸಲ ನೆಟ್ಟಗೆ ಕೂತೆವು.

ಗಾಜು ಉಜ್ಜಿದರೆ ಗರಿ ಕುಣಿಯುತ್ತದೆ;
ಅದು ಅವನ ಕಾಲಕ್ಕೆ ಹಳೆಯ ಸುದ್ದಿ.
ಅವನಿಗೆ ಬೇಕಾದದ್ದು ಬೇರೆ:
ಆ ಕುಣಿತ ನಡೆದೀತೆ? ಎಷ್ಟು ದೂರ? ಏನನ್ನು ಹಿಡಿದು?
ಸೆಣಬಿನ ದಾರ ಎಳೆದ, ತುದಿಗೆ ದಂತದ ಗುಂಡು,
ದಾರವನ್ನು ದಾರದಿಂದಲೇ ತೊಲೆಗೆ ತೂಗಿದ.
ಗುಂಡು ಸುಮ್ಮನೆ ಇತ್ತು, ಮಗ್ಗಿ ಮರೆತ ಹುಡುಗನಂತೆ.
ಗೆಳೆಯನೊಬ್ಬ ಹೇಳಿದ: ರೇಷ್ಮೆಯಲ್ಲಿ ತೂಗು,
ತೆಳು ಇದೆ, ಸೋರುವುದು ಕಡಿಮೆ.
ತೂಗಿದರು. ತಗಡಿನ ಚೂರು ಜಿಗಿದು ಗುಂಡಿಗೆ ಹತ್ತಿತು.
ದಾರ ಬೆಳೆಯಿತು, ಬೆಳೆಯಿತು,
ಭಾರಕ್ಕೆ ಒಂದು ದಿನ ರೇಷ್ಮೆ ಕಡಿಯಿತು.

"ಕಡೀತಾ?" ನಫೀಸಾ ಎದ್ದೇ ನಿಂತಳು. "ಕೂಲಿ ಹಿಡಿದ್ರಾ ಸಾರ್?"

ಮೇಷ್ಟ್ರು ನಗಲಿಲ್ಲ.
ಬದಲಿಗೆ ಹಿತ್ತಾಳೆ ತಂತಿ ಕಟ್ಟಿದರಂತೆ,
ಅಷ್ಟೇ ಸಣ್ಣದು, ಕಡಿಯದ್ದು.
ಗುಂಡು ಸತ್ತಹಾಗೆ. ಎಲ್ಲ ಸೋರಿಹೋಗಿತ್ತು.
ಆಗ ಹೊಳೆಯಿತು: ತೆಳುವಿನ ಮಾತೇ ಅಲ್ಲ ಇದು.
ರೇಷ್ಮೆ ದಾಟಲು ಬಿಡುವುದಿಲ್ಲ.
ಹಿತ್ತಾಳೆ ಬಾಗಿಲೇ ಇಲ್ಲದ ಮನೆ.

"ಆಮೇಲೆ ಒಬ್ಬ ಹುಡುಗನನ್ನೇ ತೂಗಿದ," ಅಂದರು.
ನಾವು ಬಿಡುತ್ತೇವೆಯೆ?

ಆಷಾಢದಲ್ಲಿ ಒಮ್ಮೆ ಸೋತೆವು, ಗಾಳಿಗೇ ಒದ್ದೆ.
ಸಂಕ್ರಾಂತಿ ಕಳೆದ ಭಾನುವಾರ, ಒಣ ಚಳಿ,
ಬಾಣಲೆಗಳು ಆರಿದ ಶೆಡ್ಡಿನಲ್ಲಿ
ಹುರಿ ಮಾಡಿದ ಕಸರು ರೇಷ್ಮೆ, ಎರಡು ಕುಣಿಕೆ,
ತರಗತಿಗೆಲ್ಲ ಹಗುರ ನಾನು.
ಮಲಗಿದ ಹಾಗೆ ತೇಲುತ್ತಿದ್ದೆ, ಮುಖ ನೆಲಕ್ಕೆ.
ಕೆಟ್ಟ ಟ್ಯೂಬ್‌ಲೈಟೊಂದನ್ನು ಮೇಷ್ಟ್ರು
ಹೆಂಡತಿಯ ಹಳೇ ಸೀರೆಯ ಸೆರಗಿಂದ ಉಜ್ಜಿ ಉಜ್ಜಿ
ನನ್ನ ಪಾದದ ಹತ್ತಿರ ತಂದರು.
ಕೈ ಚಾಚಿದೆ. ಕೆಳಗೆ ಹೊಟ್ಟು, ದೂಳು,
ಯಾವುದೋ ಗೂಡು ಕೊರೆದು ಬಂದು ಸತ್ತ ಚಿಟ್ಟೆಯ ರೆಕ್ಕೆ.
ರೆಕ್ಕೆ ಎದ್ದಿತು.
ಚಿಟ್ಟೆಯಿಲ್ಲದೆ ಹಾರಿ
ನನ್ನ ಬೆರಳಿಗೆ ಬಂತು.

ಅಮ್ಮಿ ಗಾಬರಿಯಾಗಿ ನನ್ನ ಮೂಗು ಮುಟ್ಟಿದಳು. ಚಟ್!
"ಅರೆ, ಕಚ್ತಾಳೆ ಇವಳು!"

ಈಗ ದಿಬ್ಬೂರಹಳ್ಳಿ ರಸ್ತೆಯಲ್ಲಿ ನನ್ನದೊಂದು ಅಂಗಡಿ,
ಸುಟ್ಟ ಮೋಟರುಗಳ ಆಸ್ಪತ್ರೆ.
ಬೋರ್ಡಿನಲ್ಲಿ ಹೆಂಗಸಿನ ಹೆಸರು ಓದಿ
ಕೆಲವರು ಗಂಡಸರನ್ನು ಕರೆಯಿರಿ ಅನ್ನುತ್ತಾರೆ.
ಸುತ್ತು ಎಣಿಸುವಾಗ ನಾನು ಮಾತಾಡುವುದಿಲ್ಲ.
ಹೋದ ವಾರ ಗುಜರಿಯಿಂದ ಹಳೆಯದೊಂದು ಸುರುಳಿ ಬಂತು,
ಬ್ಲೇಡಿಂದ ಕೆರೆದರೆ
ತಾಮ್ರದ ಮೈಗೆ ರೇಷ್ಮೆಯ ಹೊದಿಕೆ,
ಮಾಸಿದ ಹಸಿರು.
ಬಣ್ಣ ಅದ್ದಿದ ಕೈ ಯಾರದೋ.

ಅವನು ಕಡೆಗೆ ಬಡವರ ಛತ್ರದಲ್ಲಿ ತೀರಿದ.
ಮುಖವನ್ನು ಯಾರೂ ಬರೆದಿಡಲಿಲ್ಲ.
ನಾನು ಮುಂಗೈ ಮಾತ್ರ ನೆನೆಯುತ್ತೇನೆ,
ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ.
ಅಮ್ಮಿಯ ಬೆರಳಿನ ತುದಿ ಇಂದಿಗೂ ಬೆಳ್ಳಗೆ, ಬೆಂದ ಬಟ್ಟೆ.
ಈ ಕಥೆಯನ್ನು ನೂರು ಸಲ ಹೇಳಿಸಿಕೊಂಡಿದ್ದಾಳೆ,
ನೂರು ಸಲವೂ ಅಲ್ಲೇ ತಡೆಯುತ್ತಾಳೆ:

"ಆ ಕಡಿದ ಎಳೆ,
ಗಂಟು ಹಾಕಿದನಾ ಇಲ್ಲವಾ?"